ಸಾಯಲು ಒಪ್ಪದ ಅಕ್ಕ

ನನ್ನ ಅಕ್ಕ ಕುಡಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ನಿದ್ದೆ ಹೋಯಿತು, ಊಟ ಹೋಯಿತು, ಕೊನೆಗೆ ವಿಮಾ ಕಚೇರಿಯ ಕೆಲಸವೂ ಹೋಯಿತು. ಮನೋವೈದ್ಯರ ಔಷಧಿ, ನಾವಿದ್ದ ಮರಾಠಿ ಊರಿನ ಅಂಚಿಗೆ, ಕಾತ್ರಜದ ಆಚೆಗಿನ ವ್ಯಸನಮುಕ್ತಿ ಕೇಂದ್ರ, ಅಲ್ಲಿಂದ ಬಂದ ಮೇಲೆ ಮತ್ತೆ ಕುಡಿತ, ಮತ್ತೆ ಅದೇ ಕೇಂದ್ರ. ಎರಡನೆಯ ಸಲ ಬಿಟ್ಟವಳು ಬಿಟ್ಟೇಬಿಟ್ಟಳು.

ಆಮೇಲೆ ಅದೇ ಕೇಂದ್ರಕ್ಕೆ ಹೋಗಿ ಹೊಸದಾಗಿ ಸೇರಿದವರ ಜೊತೆ ಕೂತು ಮಾತಾಡುತ್ತಿದ್ದಳು. ಎರಡು ಸಾವಿರದ ದಶಕದ ಆರಂಭವಿರಬೇಕು, ಮರಾಠಿ ತರುಣನೊಬ್ಬ ಅಲ್ಲಿಗೆ ಬಂದ. ಗೆಳೆಯರನ್ನು ಕಟ್ಟಿಕೊಂಡು, ಚಿಕ್ಕ ವಿಡಿಯೊ ಕ್ಯಾಮೆರಾದಲ್ಲಿ ಕುಡಿಯುವ ಹೆಂಗಸೊಬ್ಬಳ ಸಿನಿಮಾ ಮಾಡುತ್ತಿದ್ದ. ಯಾವ ನಟಿಯೂ ಒಪ್ಪಿರಲಿಲ್ಲ. “ನಾನ ಮಾಡ್ತೀನಿ” ಎಂದಳು ಅಕ್ಕ.

ಭೋರ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಕಾಕಾ, ಅಪ್ಪನ ತಮ್ಮ, ಸುದ್ದಿ ಕೇಳಿ ಓಡಿ ಬಂದರು. ನಾನು ಕೊಟ್ಟ ಚಹಾ ಮುಟ್ಟಲಿಲ್ಲ.

“ಮನಿ ಮಾತು ಊರಿಗೆಲ್ಲಾ ತೋರಸ್ತೀಯೇನವಾ? ನಿಮ್ಮಪ್ಪನ ಮರ್ಯಾದಿ ಏನಾಗಬೇಕು?”

“ನಾ ಗಟಾರದಾಗ ಬಿದ್ದಿದ್ದು ಮಂದಿ ನೋಡ್ಯಾರ, ಕಾಕಾ. ಎದ್ದಿದ್ದೂ ನೋಡಲಿ.”

ಶೂಟಿಂಗ್ ನಮ್ಮ ಮನೆಯಲ್ಲೇ ನಡೆಯಿತು. ಬಾಟಲಿಯಲ್ಲಿ ಆರಿದ ಕರಿ ಚಹಾ. ಪ್ರತಿ ಸಲ ನಾನೇ ಮೂಸಿ ನೋಡಿ ಅವಳ ಕೈಗೆ ಕೊಡುತ್ತಿದ್ದೆ.

ಕೊನೆಯ ದಿನ ಅವಳು ಸತ್ತು ಬಿದ್ದಿರುವ ದೃಶ್ಯ. ನೆಲದ ಮೇಲೆ ಮಲಗಿದವಳು ಎದ್ದು ಕೂತಳು.

“ಯಾಕ ಸಾಯಬೇಕು ನಾನು?”

“ನೋಡುವವರು ಅಳಬೇಕಲ್ಲ, ತಾಯೀ” ಎಂದು ಆ ತರುಣ ಮರಾಠಿಯಲ್ಲಿ ಬೇಡಿಕೊಂಡ.

ಮರಾಠಿಯಲ್ಲೇ ಅಕ್ಕ ತಿರುಗಿ ಹೇಳಿದಳು: “ಬದುಕಿದವಳನ್ನು ನೋಡಿ ಅಳಲಿ. ನಾನು ಸಾಯುವುದಿಲ್ಲ.” ನನ್ನತ್ತ ನೋಡಿ, ಕನ್ನಡದಲ್ಲಿ, “ಇವಂಗ ಹೆಣಾನ ಬೇಕಂತ ನೋಡು” ಎಂದಳು.

ಮಧ್ಯಾಹ್ನವೆಲ್ಲ ಅವನು ವಾದಿಸಿದ. ಸಂಜೆಯಾಗುತ್ತಿದ್ದಂತೆ ಸೋತ. ಅವಳು ಕನ್ನಡಿ ಮುಂದೆ ಕೂತು ತಲೆ ಬಾಚಿಕೊಂಡು, ವೈದ್ಯರು ಕೊಟ್ಟ ದಿನದ ಗುಳಿಗೆ ನುಂಗುವುದನ್ನು ಚಿತ್ರೀಕರಿಸಿಕೊಂಡ. ಬಾಚಣಿಗೆ ಹಿಡಿದ ಕೈ ನಡುಗುತ್ತಿತ್ತು. ಅದು ನಟನೆಯಲ್ಲ, ಔಷಧಿಯಿಂದ ಬಂದ ನಡುಕ.

ಸಿನಿಮಾ ಥಿಯೇಟರಿಗೆ ಬರಲೇ ಇಲ್ಲ. ಒಂದು ಸಣ್ಣ ಸಭಾಗೃಹದಲ್ಲಿ ತೋರಿಸಿದರು. ಮುಗಿದ ಮೇಲೆ ಯಾರೋ, ಇಂಥ ಹೆಂಗಸರು ನಿಜವಾಗಿ ಸುಧಾರಿಸುತ್ತಾರೆಯೇ ಎಂದು ನಿರ್ದೇಶಕನನ್ನು ಕೇಳಿದರು. ಅಕ್ಕ ಎದ್ದು ನಿಂತಳು. “ನನ್ನನ್ನೇ ಕೇಳಿ” ಎಂದಳು. ಹಿಂದಿನ ಸಾಲಿನಲ್ಲಿದ್ದ ಕಾಕಾ ಎದ್ದು ಹೊರಟುಹೋದರು.

ಆ ವರ್ಷ ದೀಪಾವಳಿಗೆ ಅವರು ನಮ್ಮನ್ನು ಕರೆಯಲಿಲ್ಲ. ಅಕ್ಕ ನನ್ನನ್ನು ಎಳೆದುಕೊಂಡು ಹೋಗಿಯೇ ಬಿಟ್ಟಳು. ಕಾಕಾ ಮುಖ ತಿರುಗಿಸಿ ಕೂತರು. ಒಳಗೆ ಅವರ ಹೆಂಡತಿ, ಕಾಕು, ಕರಂಜಿ ಕಡುಬು ಕರಿಯುತ್ತ, ಅತ್ತಿತ್ತ ನೋಡಿ, ಪಿಸುಮಾತಿನಲ್ಲಿ ಕೇಳಿದರು: “ನಮ್ಮ ತಮ್ಮನೂ ಭಾಳ ಕುಡೀತಾನ. ಅವನ್ನ ಆ ಕೇಂದ್ರದಾಗ ತೊಗೋತಾರೇನವಾ?”

“ತೊಗೋತಾರ್ರಿ. ಇದನ್ನ ಜೋರಾಗೇ ಕೇಳ್ರಿ, ಕಾಕು” ಎಂದಳು ಅಕ್ಕ, ಹೊರಗೆ ಕೂತವರಿಗೂ ಕೇಳಿಸುವಂತೆ.