ಪಿನ್‌ಬಾಲ್ ಧಾರಣೆ

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಕಡೆ ಎಲ್ಲಿ ಹೋದರೂ ಎನಾಮಲ್ ಪೇಂಟಿನ ವಾಸನೆ. ಮೊನ್ನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಪಕ್ಕದಲ್ಲೇ, ಯಾರೋ ಶಟರಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಆ ವಾಸನೆಗೆ ಬೇರೆಯವರಿಗೆ ತಲೆನೋವು ಬರುತ್ತದೆ, ನನಗೆ ನಗು ಬರುತ್ತದೆ. ನಕ್ಕೇಬಿಟ್ಟೆ. ಹೊಸ ಫ್ರೇಮು ಹಾಕಿಕೊಂಡು ಕನ್ನಡಿ ನೋಡುತ್ತಿದ್ದ ಗಿರಾಕಿ, "ಯಾಕ್ ಮೇಡಂ, ಅಷ್ಟು ಕೆಟ್ಟದಾಗಿ ಕಾಣ್ತಿದೀನಾ?" ಎಂದು ಮುಖ ಸಪ್ಪೆ ಮಾಡಿಕೊಂಡ. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು. ನಾನು ನಕ್ಕಿದ್ದು ಭದ್ರಾವತಿಯ ಜನ್ನಾಪುರದಲ್ಲಿ, ನನ್ನ ತವರಿನ ಎದುರುಮನೆಯಲ್ಲಿದ್ದ ಮಾವನನ್ನು ನೆನೆದು.

ಮಧ್ಯಾಹ್ನ ಊಟದ ಹೊತ್ತಿಗೆ ಕೈ ತಾನಾಗಿ ಮೊಬೈಲಿಗೆ ಹೋಯಿತು. ಹಳೆಯ ಪಿನ್‌ಬಾಲ್ ಮೆಷಿನ್ನುಗಳ ಬೆಲೆ ನೋಡಿದೆ. ಎಷ್ಟು ವರ್ಷವಾಗಿತ್ತು ನೋಡದೆ... ಅಯ್ಯೋ ದೇವರೇ, ಬೆಲೆಯೋ ಅದು! ಯಾರೋ ಆಡಿ ಬಿಟ್ಟ ಆಟಿಕೆಗೆ ಸೈಟಿನ ರೇಟು ಕೇಳುತ್ತಿದ್ದಾರೆ. ಡಬ್ಬಿಯ ಮುಚ್ಚಳ ತೆಗೆದವಳು ಅನ್ನ ಕಲಸುವುದನ್ನೇ ಮರೆತು ಕೂತೆ. ಇದನ್ನು ಕೇಳಿದ್ದರೆ ಮಾವ ಏನೆನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು. "ತಡಿ ಮಾರಾಯ್ತಿ, ಇನ್ನೂ ಏರತ್ತೆ."

ಪಿನ್‌ಬಾಲ್ ಎಂದರೆ ಏನೆಂದು ನಮ್ಮ ಬೀದಿಯಲ್ಲೂ ಮೊದಲು ಯಾರಿಗೂ ಗೊತ್ತಿರಲಿಲ್ಲ. ಓರೆಯಾಗಿ ನಿಲ್ಲಿಸಿದ ಮಂಚದಂಥ ಪೆಟ್ಟಿಗೆ, ಮೇಲೆ ಗಾಜು. ಗಾಜಿನ ಕೆಳಗೆ ಒಂದು ಉಕ್ಕಿನ ಗುಂಡು ಅಲ್ಲಿ ಇಲ್ಲಿ ಬಡಿದುಕೊಂಡು ಓಡುತ್ತದೆ. ಪೆಟ್ಟಿಗೆಯ ಎರಡು ಪಕ್ಕದ ಗುಂಡಿ ಒತ್ತಿದರೆ ಒಳಗೆ ಎರಡು ಪುಟ್ಟ ಕೈಗಳು ಅದನ್ನು ಮತ್ತೆ ಮೇಲಕ್ಕೆ ಒದೆಯುತ್ತವೆ. ಒದೆಯಲಾಗದೆ ಗುಂಡು ಕೆಳಗಿನ ತೂತಿಗೆ ಬಿದ್ದರೆ ಆಟ ಮುಗಿಯಿತು. ಇಷ್ಟಕ್ಕೆ ಅಷ್ಟೊಂದು ದೀಪ, ಅಷ್ಟೊಂದು ಗಂಟೆ!

ಮಾವ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಕಾರ್ಖಾನೆಯ ಕೆಲಸ ಕಮ್ಮಿಯಾಗಿ, ಅವಧಿಗೆ ಮುಂಚೆಯೇ ಮನೆಗೆ ಕಳುಹಿಸಿದ ಮೇಲೆ ಅವರು ಮಾತು ಬಿಟ್ಟರು. ಜಗಳವಿಲ್ಲ, ಸಿಟ್ಟಿಲ್ಲ, ಸುಮ್ಮನೆ ಬಿಟ್ಟರು. ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಎದ್ದು ಶರ್ಟು ಹಾಕಿ, ಹಾಲಿನಲ್ಲಿ ಕುರ್ಚಿ ಎಳೆದುಕೊಂಡು ಗೋಡೆ ನೋಡುತ್ತ ಕೂರುವುದು. ಅತ್ತೆ, ಅಂದರೆ ಅವರ ಹೆಂಡತಿ, ನಮ್ಮ ಕಾಂಪೌಂಡಿನ ಹತ್ತಿರ ಬಂದು ಅಮ್ಮನ ಎದುರು ಸೆರಗು ಬಾಯಿಗೆ ಒತ್ತಿಕೊಂಡಿದ್ದನ್ನು ನಾನೇ ನೋಡಿದ್ದೇನೆ. "ಸಾರಿಗೆ ಉಪ್ಪು ಹಾಕ್ದೆ ಬಡಿಸ್ದೆ ಕಣ್ರೀ. ಸುಮ್ನೆ ತಿಂದು ಎದ್ ಹೋದ್ರು. ಬೈಲೂ ಇಲ್ಲ." ಬೈಯದ ಗಂಡನನ್ನು ಕಂಡರೆ ಅತ್ತೆಗೆ ಭಯವಾಗಿತ್ತು.

ಅಷ್ಟರಲ್ಲಿ ಕಾರ್ಖಾನೆಯ ಆಫೀಸರ್ಸ್ ಕ್ಲಬ್ಬು ಮುಚ್ಚಿತು, ಅಲ್ಲಿನ ಸಾಮಾನೆಲ್ಲ ಹರಾಜಿಗೆ ಬಂತು. ಕಬ್ಬಿಣದ ಬೀರು ಅಗ್ಗಕ್ಕೆ ಹೋಗುತ್ತದೆಂದು ಯಾರೋ ಹೇಳಿದ್ದೇ ಅತ್ತೆ ಮಾವನನ್ನು ಬಲವಂತವಾಗಿ ಎಬ್ಬಿಸಿ ಕಳುಹಿಸಿದರು. ಸಂಜೆ ಲಗೇಜ್ ಆಟೋ ಬಂದು ನಿಂತಿತು. ಬೀರು ನೋಡಲು ನಾವೆಲ್ಲ ಬಾಗಿಲಿಗೆ ಬಂದೆವು. ನಾಲ್ಕು ಕಾಲಿನ ಶವಪೆಟ್ಟಿಗೆಯಂಥದ್ದೊಂದು ಇಳಿಯಿತು. ಅದರ ತಲೆಯ ಕಡೆ ಎದ್ದು ನಿಂತ ಗಾಜಿನ ಮೇಲೆ ಈಜುಡುಗೆ ತೊಟ್ಟ ಬಿಳಿ ಹೆಂಗಸೊಬ್ಬಳು ಡಾಲ್ಫಿನ್ ಮೇಲೆ ಸವಾರಿ ಹೊರಟು ಇಡೀ ಬೀದಿಗೆ ಕಣ್ಣು ಹೊಡೆಯುತ್ತಿದ್ದಳು.

"ಬೀರು ಎಲ್ರೀ?" ಅತ್ತೆ ಕೇಳಿದರು.

ಮಾವ ಪೆಟ್ಟಿಗೆಯ ಮುಂದಿದ್ದ, ಕಾಸು ತೆಗೆಯುವ ಪುಟ್ಟ ಬಾಗಿಲು ತೋರಿಸಿ ಹೇಳಿದರು. "ಇದಕ್ಕೂ ಬೀಗ ಇದೆ."

ಎಷ್ಟೋ ತಿಂಗಳ ಮೇಲೆ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ಅದಕ್ಕೆ ಅತ್ತೆ ಬೈದ ಬೈಗುಳ ಬಸ್‌ಸ್ಟಾಪಿನವರೆಗೆ ಕೇಳಿಸಿರಬೇಕು. ಆಶ್ಚರ್ಯ ಎಂದರೆ, ಮಾವನೂ ತಿರುಗಿ ಬೈದರು.

ಮೆಷಿನ್ನು ಸತ್ತಿತ್ತು. ಅದಕ್ಕೆ ಜೀವ ಬರಿಸುವುದರಲ್ಲಿ ಮಾವನಿಗೂ ಜೀವ ಬಂತು. ಬೆಳಗಾದರೆ ಗಾಜು ತೆಗೆದು, ವೈರು ಬಿಚ್ಚಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಅದರೊಳಗೆ ಅರ್ಧ ಇಳಿದಿರುತ್ತಿದ್ದರು. ಕಳೆದುಹೋಗಿದ್ದ ಗುಂಡಿನ ಬದಲು ಗುಜರಿಯಿಂದ ಬೇರಿಂಗಿನ ಗುಂಡು ಬಂತು. ಒಳಗಿನ ರಬ್ಬರು ಸವೆದಿತ್ತು. ಅದೇ ವಾರ ಅತ್ತೆಯ ಕುಕ್ಕರು ಸೀಟಿ ಹಾಕುವುದನ್ನು ನಿಲ್ಲಿಸಿತು... ಬೇಳೆ ಬೇಯದ್ದಕ್ಕೆ ಬೇಳೆಯನ್ನೂ, ಅಂಗಡಿಯವನನ್ನೂ, ಕಡೆಗೆ ಭದ್ರಾ ನೀರನ್ನೂ ಬೈದಾದ ಮೇಲೆ ಗ್ಯಾಸ್ಕೆಟ್ಟು ಎಲ್ಲಿದೆಯೆಂದು ಅತ್ತೆಗೆ ಹೊಳೆಯಿತು. ಅಷ್ಟರಲ್ಲಿ ಅದು ನಾಲ್ಕು ತುಂಡಾಗಿ ಡಾಲ್ಫಿನ್ ಸುಂದರಿಯ ಸೇವೆಗೆ ಸೇರಿಯಾಗಿತ್ತು. ಆ ಸುಂದರಿಗೆ ಅತ್ತೆ ಇಟ್ಟ ಹೆಸರು ಬೇರೆ, ಅದನ್ನಿಲ್ಲಿ ಬರೆಯುವಂತಿಲ್ಲ. ನೆಂಟರು ಬಂದಾಗ ಅವಳ ಮೇಲೊಂದು ಟವೆಲ್ ಬೀಳುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ಟವೆಲ್ ತೆಗೆದು, ಅವಳ ಹಣೆಗೆ ಅತ್ತೆಯೇ ಮುಖ ತಿರುಗಿಸಿಕೊಂಡು ಕುಂಕುಮ ಇಡುತ್ತಿದ್ದರು.

ಇದಕ್ಕೆ ಬೆಲೆ ಇದೆ ಎಂದು ಮಾವನಿಗೆ ತಿಳಿಸಿದವಳು ನಾನೇ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿ ಜನ್ನಾಪುರದಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ, ಕೈಗೊಂದು ಹೊಸ ಮೊಬೈಲು ಬಂದಿತ್ತು. ಸುಮ್ಮನೆ ಹುಡುಕಿದರೆ, ಹಳೇ ಮೆಷಿನ್ನಿಗೆ ಒಂದು ಓಡುವ ಸ್ಕೂಟರಿನ ಬೆಲೆ! ಹೋಗಿ ಹೇಳಿದೆ. ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟರು. ಅವರು ಮೂಲದಲ್ಲಿ ಕುಂಸಿ ಕಡೆಯವರು, ಅಲ್ಲಿ ಅವರ ಅಣ್ಣ ಅಡಿಕೆ ಚೀಲ ಪೇರಿಸಿಟ್ಟು ಧಾರಣೆ ಏರಲೆಂದು ಕಾಯುವುದನ್ನು ನೋಡುತ್ತ ಬೆಳೆದವರು. ಆ ರಕ್ತ ಎಲ್ಲಿ ಹೋಗುತ್ತದೆ? ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಓಡುತ್ತಿದ್ದರೆ ಗೇಟಿಗೆ ಒರಗಿ ನಿಂತಿದ್ದರು.

"ಏನಮ್ಮಾ, ಇವತ್ತು ಧಾರಣೆ ಎಷ್ಟು?"

ಅಂದಿನಿಂದ ಅದು ನಿತ್ಯದ ಪೂಜೆಯಾಯಿತು. ಹೇಳದೆ ಹೋಗುವಂತಿಲ್ಲ. ಎಷ್ಟು ಬಸ್ಸು ತಪ್ಪಿಸಿದರೋ ಮಹಾರಾಯರು! ಅವರಿವರ ಮೆಷಿನ್ನುಗಳ ಫೋಟೋ ತೋರಿಸಿದರೆ ಕಣ್ಣು ಕಿರಿದು ಮಾಡಿ, "ಇದು ರಾಶಿ, ಪರವಾಗಿಲ್ಲ. ಇದು ಗೊರಬಲು, ಬಿಟ್ಹಾಕು" ಎಂದು ಅಡಿಕೆಯಂತೆಯೇ ವಿಂಗಡಿಸುತ್ತಿದ್ದರು. ತಮ್ಮದನ್ನು ಮಾತ್ರ "ಸರಕು" ಎನ್ನುತ್ತಿದ್ದರು. ಅಡಿಕೆಯಲ್ಲಿ ಅದಕ್ಕಿಂತ ಮೇಲಿನ ದರ್ಜೆ ಇಲ್ಲ. ಮಾರುತ್ತೀರಾ ಎಂದರೆ, "ಧಾರಣೆ ಏರುವಾಗ ಮಾರ್ಬಾರ್ದು, ಇಳಿಯುವಾಗ ಅಂತೂ ಮಾರ್ಲೇಬಾರ್ದು."

"ಮತ್ತೆ ಯಾವಾಗ ಮಾರೋದು ಮಾವ?"

"ಮಾರೋದು ಬಿಡೋದು ಆಮೇಲೆ. ಧಾರಣೆ ಗೊತ್ತಿರ್ಬೇಕು."

ಬೆಲೆ ಏರುತ್ತಲೇ ಹೋಯಿತು. ಸ್ಕೂಟರು ದಾಟಿ ಹೊಸ ಬೈಕಿಗೆ ಬಂತು. ಆ ಸಂಭ್ರಮದಲ್ಲಿ ಮಾವ ಒಂದು ದಿನ ಚಹಾದಂಗಡಿಯಲ್ಲಿ ನಾಲಿಗೆ ಸಡಿಲ ಬಿಟ್ಟರು. "ಒಂದು ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆ ಬರ್ಲಿ, ಮರುಮಾತಾಡದೆ ಕೊಟ್ಬಿಡ್ತೀನಿ" ಎಂದು ಎಲ್ಲರೆದುರು ಹೇಳಿಬಿಟ್ಟರು. ಅವರ ಲೆಕ್ಕದಲ್ಲಿ ಅದು ಎಂದೂ ಬರದ ಬೆಲೆ. ಆದರೆ ಅವರ ಗ್ರಹಚಾರ, ಅದೂ ಬಂತು. ಬೆಲೆ ತಿಳಿಯಲೆಂದು ನಾನು ಇಂಟರ್ನೆಟ್ಟಿನಲ್ಲಿ ಹಾಕಿದ್ದ ನಮ್ಮ ಮೆಷಿನ್ನಿನ ಫೋಟೋ ನೋಡಿ ಬೆಂಗಳೂರಿನ ಪಾರ್ಟಿಯೊಬ್ಬರು ಫೋನ್ ಮಾಡಿ, ಸರಿಯಾಗಿ ಆ ಬೆಲೆಯನ್ನೇ ಹೇಳಿದರು. ಆಯುಧಪೂಜೆ ಕಳೆದ ಮೇಲಿನ ಭಾನುವಾರ ಗಾಡಿ ತರುವುದಾಗಿಯೂ ಹೇಳಿದರು.

ಬೀದಿಗೆ ಬೀದಿಯೇ ಕುಣಿಯಿತು, ಮಾವ ಒಬ್ಬರನ್ನು ಬಿಟ್ಟು. ಚಹಾದಂಗಡಿಯಲ್ಲಿ ಎಲ್ಲರೂ "ಯಾವ ಕಾರು ಸಾರ್?" ಎನ್ನುವವರೇ. ಕೊಡುವುದಿಲ್ಲ ಎಂದರೆ ಆಡಿದ ಮಾತು ಹೋಗುತ್ತದೆ, ಕೊಟ್ಟರೆ ಮೆಷಿನ್ನು ಹೋಗುತ್ತದೆ. ಮರುದಿನ ಬೆಳಿಗ್ಗೆ ಅವರು ಗೇಟಿನ ಬಳಿ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಬಸ್ಸು ಸರಿಯಾದ ಹೊತ್ತಿಗೆ ಸಿಕ್ಕಿತು, ನನಗೇಕೋ ಕಸಿವಿಸಿಯಾಯಿತು. ಕಿಟಕಿಯಲ್ಲಿ ಇಣುಕಿದರೆ, ಮಾವ ಮತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು... ಗೋಡೆಗೆ ಮುಖ ಮಾಡಿ.

ಹಬ್ಬದ ಹಿಂದಿನ ದಿನ ಪಾರ್ಟಿಯವರು ನನಗೆ ಮತ್ತೆ ಫೋನ್ ಮಾಡಿದರು. "ಮೇಡಂ, ಪ್ಲೀಸ್, ಅದನ್ನ ಯಾರೂ ಮುಟ್ಟೋದ್ ಬೇಡ. ಪೆಟ್ಟಿಗೆ ಮೇಲಿನ ಹಳೇ ಚಿತ್ರಕ್ಕೇ ಬೆಲೆ. ಬಣ್ಣಗಿಣ್ಣ ಹಚ್ಚಿದ್ರೆ ನಂಗೆ ಬೇಡ." ಎದುರುಮನೆಗೆ ಓಡಿ ಹೋದೆ. ಮಾವ ಬಾಳೆಕಂಬ ತರಲು ಹೋಗಿದ್ದರು. ಅತ್ತೆಗೆ ಹೇಳಿದೆ. "ಆಯ್ತು, ಹೇಳ್ತೀನಿ ಬಿಡು" ಎಂದು ಅತ್ತೆ ಬೂದುಗುಂಬಳಕ್ಕೆ ಸುಣ್ಣದ ಬೊಟ್ಟು ಇಡುತ್ತ ಕೂತರು.

ಭಾನುವಾರ ಪಾರ್ಟಿ ಬಂದರು. ಒಳಗೆ ಹೋಗಿ, ಬಾಯಿ ತೆರೆದು ಹಾಗೇ ನಿಂತರು. ಮೆಷಿನ್ನು ಹಸಿರಾಗಿತ್ತು. ಕಾರ್ಖಾನೆಯ ಲೇತುಗಳಿಗೆ ಆಯುಧಪೂಜೆಗೆಂದು ವರ್ಷವರ್ಷ ಹೊಡೆಯುವ ದಪ್ಪ ಹಸಿರು, ನಾಲ್ಕು ಕಾಲಿಗೂ, ಪೆಟ್ಟಿಗೆಗೂ. ಪೆಟ್ಟಿಗೆಯ ಪಕ್ಕಗಳಲ್ಲಿ ಬಿಡಿಸಿದ್ದ ಅಲೆ, ನಕ್ಷತ್ರ, ಡಾಲ್ಫಿನ್ ಮರಿ ಒಂದೂ ಇಲ್ಲ. ಅದರಲ್ಲೂ ಎಡಕ್ಕೊಂದು ಹಸಿರು, ಬಲಕ್ಕೊಂದು ಹಸಿರು, ಒಂದಕ್ಕೊಂದು ತಾಳೆಯೇ ಇಲ್ಲ. ಮೇಲಿನ ಗಾಜಿನ ಸುಂದರಿಗೆ ಕುತ್ತಿಗೆಯಿಂದ ಪಾದದವರೆಗೆ ಹಸಿರು ಸೀರೆ, ಹಣೆಗೆ ಕುಂಕುಮ.

"ಗಾಜನ್ನೇನೋ ಕೆರೀಬಹುದು ಸಾರ್," ಪಾರ್ಟಿಯ ದನಿ ಅಳುವಂತಿತ್ತು. "ಪೆಟ್ಟಿಗೆ ಹೋಯ್ತಲ್ಲ! ಯಾಕ್ ಸಾರ್ ಹೀಗ್ ಮಾಡಿದ್ರಿ?"

"ಪೂಜೆಗೆ ಕೂರೋ ಮೆಷಿನ್ನಿಗೆ ಬಣ್ಣ ಹೊಡೀದೆ ಇರೋಕಾಗತ್ತಾ ಸ್ವಾಮಿ?" ಎಂದರು ಮಾವ, ಫೋರ್‌ಮನ್ ದನಿಯಲ್ಲಿ. ಅತ್ತೆ ಹಣೆ ಹಣೆ ಬಡಿದುಕೊಂಡು, "ಬುದ್ಧಿ ಬೇಡ್ವಾ ನಿಮ್ಗೆ! ಕಾರಿನ ದುಡ್ಡನ್ನ ಬ್ರಷ್ಷಲ್ಲಿ ಬಳಿದು ಹಾಕಿದ್ರಲ್ಲ!" ಎಂದು ಆ ಪಾರ್ಟಿಯ ಎದುರೇ ಮಂಗಳಾರತಿ ಎತ್ತಿದರು. ಗಾಡಿ ಖಾಲಿ ವಾಪಸು ಹೋಯಿತು. ಅತ್ತೆ ಹೇಳಲು ಮರೆತಿದ್ದಾರೆ ಎಂದುಕೊಂಡು, ನಾನು ಆ ಫೋನಿನ ಮಾತನ್ನು ಎತ್ತಲೇ ಇಲ್ಲ. ಚಹಾದಂಗಡಿಯವರು ಮಾವನಿಗೆ ಆಮೇಲೆ ಎಷ್ಟೋ ಕಾಲ "ಪೇಂಟರ್ ಸಾರ್" ಎಂದೇ ಅನ್ನುತ್ತಿದ್ದರು. ಮಾವನೂ ನಗುತ್ತಿದ್ದರು. ಸೋಮವಾರ ಬೆಳಿಗ್ಗೆ ಅವರು ಮತ್ತೆ ಗೇಟಿನಲ್ಲಿದ್ದರು.

"ಏನಮ್ಮಾ, ಇವತ್ತು ಧಾರಣೆ ಎಷ್ಟು?"

ಹಸಿರು ಬಣ್ಣದ ಮೆಷಿನ್ನಿಗೆ ಎಂಥ ಧಾರಣೆ! ಆದರೂ ಹೇಳುತ್ತಿದ್ದೆ. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ಫೋನಿನಲ್ಲಿ ಕೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ಜ್ವರವೆಂದು ಮಲಗಿದವರು ಏಳಲಿಲ್ಲ. ಅದಾದ ಮೇಲೆ ನಾನೂ ಬೆಲೆ ನೋಡುವುದನ್ನು ಬಿಟ್ಟೆ. ಯಾರಿಗೆ ಹೇಳುವುದು?

ಈ ಭಾನುವಾರ ಅಮ್ಮನ ಮನೆಗೆ ಹೋದವಳು ಎದುರುಮನೆಗೂ ಹೋದೆ. ಅತ್ತೆ ಹಾಲಿನಲ್ಲಿ ಕೂತು ಹೂ ಕಟ್ಟುತ್ತಿದ್ದರು. ಮೆಷಿನ್ನು ಅಲ್ಲೇ ಇತ್ತು, ಅದೇ ಎರಡು ಹಸಿರು. ಮಾವ ಹೋದ ಮೇಲೆ ಅದರ ದೀಪ ಹತ್ತುವುದಿಲ್ಲವಂತೆ. ಗಾಜಿನ ಮೇಲೆ ಒಂದು ಚೂರು ಧೂಳಿಲ್ಲ. ನಾನು ಮೊಬೈಲ್ ತೆಗೆದು ಈಗಿನ ಬೆಲೆ ಹೇಳಿದೆ. ಅತ್ತೆಯ ಕೈಯ ದಾರ ನಿಂತಿತು.

"ಅವತ್ತು ನೀವು ಹೇಳೋದು ಮರೀದೆ ಇದ್ದಿದ್ರೆ..." ಎಂದು ಛೇಡಿಸಿದೆ.

"ಮರೆತಿದ್ದು ಯಾರು?" ಎಂದರು ಅತ್ತೆ. "ಅಟ್ಟದಿಂದ ಹಳೇ ಪೇಂಟಿನ ಡಬ್ಬ ಇಳಿಸಿ ಕೈಗೆ ಕೊಟ್ಟವಳೇ ನಾನು. ಪಾರ್ಟಿ ಬರ್ತಾರೆ, ಒಂದು ಕೋಟ್ ಹೊಡೀರಿ, ಲಕ್ಷಣವಾಗಿ ಕಾಣ್ಲಿ ಅಂದೆ. ಮತ್ತೆ ಗೋಡೆ ನೋಡ್ಕೊಂಡು ಕೂತಿದ್ರಲ್ಲೇ! ನಂಗೆ ಬೀರೂ ಬೇಡ, ಕಾರೂ ಬೇಡ, ಆ ಮನುಷ್ಯ ಬಾಯಿಬಿಟ್ರೆ ಸಾಕಿತ್ತು."

ನಾನು ಮೊಬೈಲ್ ಕೆಳಗಿಟ್ಟೆ.

"ಒಂದು ಕಡೆ ಹೊಡೆದು ಮುಗ್ಸೋ ಹೊತ್ತಿಗೆ ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಗಂಡನಿಗೆ ಮೋಸ ಮಾಡ್ತಿದೀನಲ್ಲ ಅಂತ. ಹೇಳ್ಬಿಟ್ಟೆ. ಬಣ್ಣ ಹಚ್ಚಿದ್ರೆ ಅವ್ರು ತಗೊಳಲ್ವಂತೆ, ಹುಡುಗಿ ಬಂದು ಹೇಳಿ ಹೋಗಿದಾಳೆ ಅಂತ."

"ಬೈದ್ರಾ?"

"ಎಲ್ಲಿ ಬೈತಾರೆ? ಬ್ರಷ್ ಹಿಡ್ಕೊಂಡು ನಿಂತ್ರು. ಇನ್ನೊಂದು ಕಡೆ ಚಿತ್ರ ಹಾಗೇ ಇತ್ತಲ್ಲ, ಅದನ್ನ ನೋಡಿದ್ರು. ನನ್ ಮುಖ ನೋಡಿದ್ರು. ಡಬ್ಬ ಬಗ್ಗಿಸಿ ನೋಡಿದ್ರು, ಬಣ್ಣ ಖಾಲಿ. ಚಪ್ಪಲಿ ಮೆಟ್ಕೊಂಡು ಹೋದ್ರು ಕಣೆ... ಅಂಗಡಿಯಿಂದ ಇನ್ನೊಂದು ಡಬ್ಬ ತಂದ್ರು."

ನಾನು ಎದ್ದು ಮೆಷಿನ್ನಿನ ಬಲಗಡೆಗೆ ಹೋಗಿ ನಿಂತೆ. ಬೀದಿಯವರೆಲ್ಲ ಇಷ್ಟು ವರ್ಷ ಆಡಿಕೊಂಡ, ತಾಳೆಯಾಗದ ಹಸಿರು. ಅಂಗೈ ಇಟ್ಟು ಸವರಿದೆ. ಅಳು ಬಂತು, ಅದನ್ನು ಯಾಕೆ ಮುಚ್ಚಿಡಲಿ? ಸುಮ್ಮನೆ ಏನಾದರೂ ಕೇಳಬೇಕೆಂದು ಗಾಜಿನ ಸುಂದರಿಯ ಸೀರೆಯ ಬಗ್ಗೆ ಕೇಳಿದೆ.

"ಅದು ನಾನ್ ಉಡಿಸಿದ್ದು," ಅತ್ತೆ ಮತ್ತೆ ಹೂ ಕಟ್ಟತೊಡಗಿದರು. "ಹೇಗೂ ಮನೇಲೇ ಇರೋಳು ಅಂತ ಆಯ್ತಲ್ಲ."

ಬಸ್ಸಿಗೆ ಹೊತ್ತಾಗಿತ್ತು. ಮೆಟ್ಟಿಲಿಳಿದು ಗೇಟು ತೆಗೆದರೆ ಅಲ್ಲಿ ಒರಗಿ ನಿಲ್ಲುವವರಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅತ್ತೆ ಕೂಗಿದರು.

"ಏನೇ, ನಾಳೆ ಧಾರಣೆ ಎಷ್ಟಾಗತ್ತೆ ನೋಡಿ ಫೋನ್ ಮಾಡು."

"ಕೊಡ್ತೀರಾ ಅತ್ತೆ?"

"ಕೊಡೋಕೆ ನಂಗೇನ್ ಹುಚ್ಚಾ?" ಎಂದರು. "ಗೊತ್ತಿರ್ಬೇಕು, ಅಷ್ಟೆ."