ದೇಸಾಯಿ ಅಂಕಲ್ ಅವರ ಮೊಲದ ಬಾಲವಾಡಿ

ನಾಯಿಮರಿಗಳಿಗೆ ಪಾಠ ನಡೆಯುವಾಗ ದೇಸಾಯಿ ಅಂಕಲ್ ಬೇಲಿಗೆ ಬೆನ್ನು ಹಾಕಿ, ಮಡಚುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಹಣೆಯಲ್ಲಿ ವಿಭೂತಿ, ಅದರ ಮೇಲೆ ಅಗಲವಾದ ಟೆಕ್ಸಸ್ ಹ್ಯಾಟು, ಹಾವಿನ ಭಯಕ್ಕೆ ಮೊಳಕಾಲುದ್ದದ ಬೂಟು. ನಿದ್ದೆ ಹೋದರೇನೋ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಹ್ಯಾಟಿನ ಕೆಳಗಿನಿಂದ ಮಾತು ಬರುತ್ತಿತ್ತು: “ಕರೀ ಮರಿ ಸುಳ್ಳ ಹೇಳಾಕತ್ತೈತಿ. ಸಣ್ಣದಕ್ಕ ಖರೇನಽ ವಾಸನಿ ಸಿಕ್ಕೈತಿ.” ತಿರುಗಿ ನೋಡಿದರೆ ಹಾಗೆಯೇ ಇರುತ್ತಿತ್ತು. ಕರಿಯದು ಸುಮ್ಮನೆ ಗಾಳಿಗೆ ಬೊಗಳುತ್ತಿತ್ತು, ಸಣ್ಣದು ಮೂಗನ್ನು ನೆಲಕ್ಕೆ ಒತ್ತಿಕೊಂಡು ಮೊಲ ಹೋದ ದಾರಿಯಲ್ಲಿ ಹೋಗುತ್ತಿತ್ತು.

ಅಂಕಲ್ ಹುಬ್ಬಳ್ಳಿಯವರು. ಡಾಲಸ್ ಪಕ್ಕದ ಯೂಲೆಸ್‌ನಲ್ಲಿ ಹಲ್ಲಿನ ಡಾಕ್ಟರು. ನಾನು ಮೈಸೂರಿನವಳು, ಅಲ್ಲೇ ಹತ್ತಿರದ ಕಾಪೆಲ್‌ನಲ್ಲಿ ಮನೆ, ಕೆಲಸ ಸಾಫ್ಟ್‌ವೇರು. ನಮ್ಮಿಬ್ಬರನ್ನು ಪರಿಚಯ ಮಾಡಿಸಿದ್ದು ನಮ್ಮ ಬೀಗಲ್ ಜಾತಿಯ ನಾಯಿಮರಿ ಚಿನ್ನಿಯ ಗಂಟಲು. ಅಳಿಲು ಕಂಡರೂ ಬೊಗಳು, ಕಾಣದಿದ್ದರೂ ಬೊಗಳು. ಅಕ್ಕಪಕ್ಕದವರು ದೂರು ಕೊಟ್ಟರು. ಯಾರಿಗಾದರೂ ಕೊಟ್ಟುಬಿಡೋಣ ಎಂದು ಮನೆಯಲ್ಲಿ ಮಾತು ನಡೆದಿದ್ದಾಗ, ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ನನ್ನ ಮುಂದೆ ತಟ್ಟೆ ಹಿಡಿದು ನಿಂತಿದ್ದ ಅಂಕಲ್ ನನ್ನ ಗೋಳು ಕೇಳಿಸಿಕೊಂಡು ತಿರುಗಿ ಹೇಳಿದರು: “ಅದಕ್ಕ ಉದ್ಯೋಗ ಇಲ್ಲ, ಅದಕ್ಕಽ ಒದರತೈತಿ. ನನ್ನ ಬಾಲವಾಡಿಗೆ ಕರ್ಕೊಂಡ ಬರ್ರಿ.”

ಅವರ ಬಾಲವಾಡಿಗೆ ಇಲ್ಲಿಯವರು ಸ್ಟಾರ್ಟಿಂಗ್ ಪೆನ್ ಅನ್ನುತ್ತಾರೆ. ಊರ ಹೊರಗಿನ ತಮ್ಮ ಜಮೀನಿನಲ್ಲಿ ಒಂದಿಷ್ಟು ಜಾಗಕ್ಕೆ ತಂತಿಬೇಲಿ ಹಾಕಿಸಿ, ಮರಿಗಳು ವಾಸನೆ ಹಿಡಿದು ಹೋಗುವುದನ್ನು ಕಲಿಯಲೆಂದು ಒಳಗೆ ಕಾಡುಮೊಲಗಳನ್ನು ಬಿಟ್ಟಿದ್ದರು. ಅಲ್ಲಲ್ಲಿ ಒಣಕೊಂಬೆಗಳ ರಾಶಿ, ನೆಲದಲ್ಲಿ ಹೂತ ಪೈಪು. ಮೊಲ ಅದರೊಳಗೆ ನುಗ್ಗಿದರೆ ಮರಿಗೆ ಸಿಗುವುದಿಲ್ಲ. ಒಂದು ಮೊಲಕ್ಕೂ ಹಲ್ಲು ತಾಗಬಾರದೆಂಬುದು ಅವರ ಕಟ್ಟಪ್ಪಣೆ; ಈರುಳ್ಳಿಯನ್ನೇ ಯೋಚಿಸಿ ತಿನ್ನುವ ಮನುಷ್ಯ. ಎಳೆಯ ಮರಿ ಮೊದಮೊದಲು ಕಣ್ಣಿಗೆ ಕಂಡ ಮೊಲದ ಹಿಂದೆ ಓಡುತ್ತದೆ. ಮೊಲ ಮಾಯವಾದಾಗ ಪೆದ್ದುಪೆದ್ದಾಗಿ ನಿಲ್ಲುತ್ತದೆ. ಚಿನ್ನಿ ಹಾಗೆ ನಿಂತಾಗ ನನಗೆ ತಡೆಯಲಾಗದೆ, ಮೊಲ ಅಡಗಿದ್ದ ಕಡೆ ಕೈ ತೋರಿಸಿದೆ. ಅಂಕಲ್ ಕಣ್ಣು ತೆರೆದರು. “ತೋರಸಬ್ಯಾಡ್ರಿ. ನೀವು ತೋರಿಸಿದ್ರ ಕಣ್ಣು ಕಲಿತೈತಿ, ಮೂಗು ಕಲಿಯೂದಿಲ್ಲ.” ನನ್ನ ಮಗಳ ಹೋಮ್‌ವರ್ಕಿಗೂ ನಾನು ಅಂದಿನಿಂದ ಕೈ ಹಾಕಲಿಲ್ಲ.

ಇಷ್ಟೆಲ್ಲ ತಿಳಿದ ಅಂಕಲ್‌ಗೆ ವಿನಯ ಮಾತ್ರ ಒಂದು ಚೂರೂ ಇರಲಿಲ್ಲ. ತಮ್ಮ ನಾಯಿಗಳ ಪ್ರತಾಪವನ್ನು ರೋಗಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಬಾಯಿ ತೆರೆದು ಮಲಗಿದವರು ಪಾಪ, ಹೂಂ ಅನ್ನುವ ಹಾಗೂ ಇಲ್ಲ, ಉಹೂಂ ಅನ್ನುವ ಹಾಗೂ ಇಲ್ಲ. ಆದರೆ ಒಂದು ಕೊರಗಿತ್ತು. ಮೊಲದ ಜಾಡು ಹಿಡಿಯುವ ಬೀಗಲ್ ಸ್ಪರ್ಧೆಗಳಲ್ಲಿ ತಲೆತಲಾಂತರದಿಂದ ನಾಯಿ ಓಡಿಸುತ್ತ ಬಂದ ಇಲ್ಲಿನ ಹಿರಿಯರು ಅವರನ್ನು ಕಂಡು ನಗುನಗುತ್ತ ಕೈ ಕುಲುಕುತ್ತಿದ್ದರು, ಕಪ್ ಮಾತ್ರ ತಾವೇ ಒಯ್ಯುತ್ತಿದ್ದರು. “ಸಾಯೂದರೊಳಗ ಒಂದು ಕಪ್ ತರತೇನ್ರಿ,” ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡಿದ್ದರು.

ಅದಕ್ಕೊಮ್ಮೆ ದೊಡ್ಡ ವಿಘ್ನವೇ ಬಂತು. ಅವರ ಹೆಂಡತಿ ಶಾಂತಾ ಆಂಟಿಯ ಭಜನೆ ಗೆಳತಿಯರು ಜಮೀನು ನೋಡಲು ಬಂದವರು, ನಾಯಿಗಳು ಅಟ್ಟುವ ಮೊಲಗಳನ್ನು ಕಂಡು ಮರುಗಿ, ಪ್ರತಿ ವಾರ ಪ್ರಸಾದದ ಕೋಸಂಬರಿ, ಕ್ಯಾರೆಟ್ಟು ತಂದು ಹಾಕತೊಡಗಿದರು. ಮೊಲಗಳು ದುಂಡಗಾದವು. ಓಡುವುದನ್ನೇ ಬಿಟ್ಟವು. ಒಂದು ಬೆಳಿಗ್ಗೆ ಹೋದರೆ ಮರಿಯೂ ಮೊಲವೂ ಒಂದೇ ಕ್ಯಾರೆಟ್ಟಿನ ಎರಡು ತುದಿ ಕಡಿಯುತ್ತಿದ್ದವು. ಅಂಕಲ್ ಆಂಟಿಗೆ ಹೇಳಿದ್ದು ಇಷ್ಟೇ: “ನಿಮ್ಮ ಭಜನಿ ಮಂದಿ ನನ್ನ ಮಾಸ್ತರಗಳನ್ನ ಕೆಡಿಸ್ಯಾರ.”

ಅಷ್ಟಾದರೂ ಆ ಸಲದ ಮರಿಗಳಲ್ಲೇ ತಯಾರಾದವನು ಅಂಕಲ್ ಅವರ ಸ್ವಂತ ನಾಯಿ ಸಾವ್ಕಾರ. ಅಂಥ ಗಂಟಲು, ಅಂಥ ಓಟ ನಾನು ಮತ್ತೆ ಕಂಡಿಲ್ಲ. ಎರಡು ಸಾವಿರದ ಹದಿನೈದರ ಚಳಿಗಾಲದಲ್ಲಿ ಮೂರು ಗಂಟೆ ದಾರಿಯ ಫ್ಲೂಗರ್‌ವಿಲ್ ಊರಿನ ಆಚೆಯ ಬಯಲಿನಲ್ಲಿ ಸ್ಪರ್ಧೆ. ಆಂಟಿಗೆ ಮೊಣಕಾಲು ನೋವು, ಅವರ ಬದಲು ನಾನು ಜೊತೆಗೆ ಹೋದೆ. ಕೊನೆಯ ಸುತ್ತಿನಲ್ಲಿ ಉಳಿದ ನಾಯಿಗಳಲ್ಲಿ ಸಾವ್ಕಾರನೇ ಮುಂದು. ಒಂದು ಪೊದೆಯ ಬಳಿ ಮೊಲದ ಜಾಡು ತಪ್ಪಿತು. ಎಲ್ಲ ನಾಯಿಗಳೂ ಸುತ್ತುತ್ತ ಹುಡುಕುತ್ತಿದ್ದಾಗ ಸಾವ್ಕಾರ ಜೋರಾಗಿ ಬೊಗಳುತ್ತ ಮುಂದೆ ನುಗ್ಗಿದ. ಉಳಿದವು ಅವನ ಹಿಂದೆ ಓಡಿದವು. ಜಡ್ಜ್ ಮೆಚ್ಚಿ ತಲೆದೂಗಿ ಏನೋ ಬರೆದುಕೊಂಡರು. ಗೆದ್ದೆವು ಎಂದು ನಾನು ಅಂಕಲ್ ಕಡೆ ನೋಡಿದೆ. ಅವರ ಮುಖ ಬಿಳಿಚಿತ್ತು.

ಹ್ಯಾಟು ತೆಗೆದು ಕೈಯಲ್ಲಿ ಹಿಡಿದು ಅವರು ಜಡ್ಜ್ ಹತ್ತಿರ ನಡೆದರು. ನನ್ನ ನಾಯಿಗೆ ಜಾಡು ಸಿಕ್ಕಿಲ್ಲ, ಸುಳ್ಳು ಹೇಳುತ್ತಿದೆ, ಅದನ್ನು ಆಟದಿಂದ ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಹಾಗನ್ನಿಸಲಿಲ್ಲವಲ್ಲ ಅಂದರು ಜಡ್ಜ್. “ನನಗೆ ಅನ್ನಿಸಿತು,” ಅಂದರು ಅಂಕಲ್. ಸ್ವಲ್ಪ ಹೊತ್ತಿಗೆ ಮೊಲ ಹಿಂದಿನ ಅದೇ ಪೊದೆಯಿಂದ ಹಾರಿ ಓಡಿತು. ಅಷ್ಟರಲ್ಲಿ ಸಾವ್ಕಾರನ ಕೊರಳಿಗೆ ಹಗ್ಗ ಬಿದ್ದಿತ್ತು.

ವಾಪಸು ಬರುವ ದಾರಿಯಲ್ಲಿ ಕಾರು ವೇಕೋ ಊರನ್ನು ದಾಟಿತು. ಆಮೇಲೆ ನಾನೇ ಕೇಳಿದೆ: “ಯಾಕೆ ಅಂಕಲ್, ಜಡ್ಜ್‌ಗೇ ಗೊತ್ತಾಗಿರ್ಲಿಲ್ವಲ್ಲ?”

“ಉಳಿದ ನಾಯಿ ಎಲ್ಲಾ ಅವನ ಮಾತು ನಂಬಿ ಹಿಂದ ಓಡಿದ್ವು, ನೋಡಿದ್ರಿಲ್ಲ? ಅದನ್ನ ತಡಕೊಳ್ಳಾಕ ಆಗಲಿಲ್ಲವ್ವಾ ನನಗ.” ಹಿಂದಿನ ಸೀಟಿನಲ್ಲಿ ಮಲಗಿದ್ದ ಸಾವ್ಕಾರನ ಕಡೆ ಕೈ ಚಾಚಿ ಅವನ ಕಿವಿ ಸವರಿದರು. “ಒಂದನೇ ಇಯತ್ತೆಯಿಂದ ಮತ್ತ ಶುರು ಮಾಡೂನು.” ಮುಂದಿನ ವಾರ ಸಾವ್ಕಾರ ಎಳೆಮರಿಗಳ ಜೊತೆ ಬೇಲಿಯೊಳಗಿದ್ದ.

ಅವನು ಮತ್ತೆ ಸ್ಪರ್ಧೆಗೆ ಹೋಗುವ ಮೊದಲೇ, ಮರು ಬೇಸಿಗೆಯಲ್ಲಿ ಅಂಕಲ್ ಹೃದಯಾಘಾತದಿಂದ ತೀರಿಕೊಂಡರು. ಅವರ ನೆನಪಿಗಾಗಿ ಎಲ್ಲರೂ ಸೇರಿದ ದಿನ ಡಾಲಸ್, ಹ್ಯೂಸ್ಟನ್‌ಗಳಿಂದ ಜನ ಬಂದಿದ್ದರು. ಅಂಕಲ್ ಕೊಚ್ಚಿಕೊಳ್ಳುತ್ತಿದ್ದುದನ್ನೇ ಹೇಳಿಕೊಂಡು ಅತ್ತರು, ನಕ್ಕರು. ನನ್ನ ಸರದಿ ಬಂದಾಗ ಸ್ಪರ್ಧೆಯ ಆ ದಿನವನ್ನು ಹೇಳಿದೆ. ನನ್ನ ಎದೆ ಹೆಮ್ಮೆಯಿಂದ ತುಂಬಿತ್ತು. ಇದನ್ನು ಅಂಕಲ್ ನೂರು ಸಲ ಹೇಳಿರುತ್ತಾರೆ, ನನ್ನದು ನೂರಾ ಒಂದನೆಯದು ಎಂದೇ ನಂಬಿದ್ದೆ. ಮುಗಿಸಿದಾಗ ಎಲ್ಲರೂ ಆಂಟಿಯ ಕಡೆ ತಿರುಗಿದರು. ಆಂಟಿ ನನ್ನ ಕೈ ಹಿಡಿದುಕೊಂಡರು.

“ನನಗ ಹೇಳಲೇ ಇಲ್ಲವ್ವಾ ಅವರು. ದಾರಿಯೊಳಗ ಸಾವ್ಕಾರಗ ಜ್ವರ ಬಂದುವು, ಆಡಿಸಲಿಲ್ಲ ಅಂದ್ರು. ನಾಯಿ ಹೆಸರು ಕೆಡಬಾರದಂತ ಮುಚ್ಚಿಟ್ಟಾರ.”