ಕೌದಿಯೊಳಗಿನ ಹೋಳಿಗೆ

ಕಳೆದ ವಾರ ವಿಜಯಪುರದ ಜಲನಗರದ ಮನೆಯಲ್ಲಿ ಸೀರೆಗಳ ನಡುವೆ ನುಸಿಗುಳಿಗೆ ಇಡುತ್ತಿದ್ದಾಗ ಅದರ ಘಾಟಿಗೆ ಕೈ ನಿಂತಿತು. ನನ್ನ ಬಟ್ಟೆಗೆ ಇಷ್ಟು ಎಚ್ಚರ ವಹಿಸುವ ನಾನು ಅಂದು ಇದೇ ಎಚ್ಚರ ಹೇಳಿದ್ದೆನೇ... ತಿಕೋಟಾದಲ್ಲಿ ನಾನು ಶಿಕ್ಷಕಿಯಾಗಿದ್ದಾಗ ಪಕ್ಕದ ಮನೆಯಲ್ಲಿದ್ದ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ನೆನಪಾದರು.

ಕಾಕು ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಮಹಿಳಾ ಸಂಘದಿಂದ ಸಣ್ಣ ಸಾಲ ಪಡೆದು ಬಟ್ಟೆ ತಂದು, ಓಣಿಯ ಒಬ್ಬಳನ್ನು ಜೊತೆಗೆ ಕೂರಿಸಿಕೊಂಡಿದ್ದರು. ವಿಜಯಪುರದ ಅಂಗಡಿಯೊಂದು ಇಪ್ಪತ್ತು ಕೌದಿ ಕೇಳಿತ್ತು. ಅವು ಮಾರಾಟವಾದರೆ ವರ್ಷವಿಡೀ ಕೆಲಸ ಸಿಗುತ್ತಿತ್ತು. ಮಾತುಕತೆಗೆ ನಾನೂ ಹೋಗಿದ್ದೆ. ಚಳಿಗಾಲದವರೆಗೆ ಕೌದಿಗಳನ್ನು ಇಡುವ ಕೋಣೆಯನ್ನೂ ಅಂಗಡಿಯವರು ತೋರಿಸಿದ್ದರು. ಕಿಟಕಿ ಇತ್ತೇ? ನೆನಪಿಲ್ಲ.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಕಾಕು ಅದರೊಳಗೆ ಹೋಳಿಗೆಯ ಚೂರೊಂದನ್ನು ಇಡುತ್ತಿದ್ದರು. ಅವರ ತಾಯಿಯೂ ಹಾಗೇ ಮಾಡುತ್ತಿದ್ದರಂತೆ.

"ಹಸದ ಕೌದಿ ಮೈ ಬೆಚ್ಚಗ ಮಾಡಂಗಿಲ್ಲರಿ, ಅಕ್ಕೋರ," ಎಂದಿದ್ದರು ನನಗೆ.

ಜೊತೆಗೆ ಹೊಲಿಯುತ್ತಿದ್ದವಳು ಹಲ್ಲಿನಿಂದ ದಾರ ಕಡಿಯುತ್ತ, "ಕೌದಿಗಿ ಹೋಳಿಗಿ, ನನಗ ಬರೇ ಚಾ. ಚಲೋ ಐತಿ ಬೇ ನಿನ್ನ ನ್ಯಾಯ," ಎಂದಳು. ಮೂವರೂ ನಕ್ಕೆವು.

ಮನೆಯಲ್ಲಿ ಬಳಸುವ ಕೌದಿ ಆಗಾಗ ಬಿಸಿಲು ಕಾಣುತ್ತದೆ. ಅಂಗಡಿಯ ಕೋಣೆಯಲ್ಲಿ ಅವು ಮೂರು ತಿಂಗಳು ಮಡಚಿದಂತೆಯೇ ಬಿದ್ದಿದ್ದವು. ಇಲಿಗಳು ಪ್ರತಿಯೊಂದರಲ್ಲೂ ಅದೇ ಮೂಲೆಯನ್ನು ಕೊರೆದಿದ್ದವು. ಇಪ್ಪತ್ತೂ ಹಿಂದಕ್ಕೆ ಬಂದವು. ಸಂಘದಲ್ಲಿ ಒಬ್ಬರು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಎರಡು ವಾರ ಕಟ್ಟಿದರು. ಆಮೇಲೆ ಅವರಿಗೆ ಮುಖ ತೋರಿಸಲಾಗದೆ ಕಾಕು ಕಿವಿಯೋಲೆ ಮಾರಿ ಸಾಲ ತೀರಿಸಿದರು. ಬಬಲೇಶ್ವರದ ಮಗಳ ಮನೆಗೆ ಹೊರಟುಬಿಟ್ಟರು.

"ಉಣ್ಣಾಕ ಹಾಕಿದ್ದ ತಪ್ಪಾತ ನೋಡ್ರಿ," ಎಂದು ಹೋಗುವಾಗ ನಗಲು ನೋಡಿದರು.

ಇಲಿ ಬಂದೀತು ಎಂದು ನಾನು ಆಗಲೇ ಹೇಳಿದ್ದೆ ಎಂದೇ ಎಷ್ಟೋ ವರ್ಷ ನಂಬಿದ್ದೆ. ನುಸಿಗುಳಿಗೆ ಇಟ್ಟ ದಿನ ಹಳೆಯ ದಿನಚರಿ ತೆಗೆದು ನೋಡಿದೆ. ನನ್ನದೇ ಅಕ್ಷರ: ‘ಇಂಥ ಪದ್ಧತಿ ಬಿಡಬೇಡಿ ಎಂದೆ. ಕಾಕುಗೆ ಖುಷಿಯಾಯಿತು.’

ಮೊನ್ನೆ ಬಬಲೇಶ್ವರಕ್ಕೆ ಹೋದೆ. ಕಾಕು ತೀರಿಕೊಂಡು ಎರಡು ವರ್ಷವಾಯಿತಂತೆ. ಅಲ್ಲಿಗೆ ಬಂದ ಮೇಲೆ ಸೂಜಿ ಮುಟ್ಟಲೇ ಇಲ್ಲವಂತೆ. ಮಗಳು ನನ್ನನ್ನು ಕೂರಿಸಿ, ಚಹಾ ಕೊಟ್ಟು, ತಾಯಿಯ ಮಾತು ತೆಗೆದಳು.

"ಅವ್ವ ನಿಮ್ಮನ್ನ ಭಾಳ ನೆನಸತಿದ್ದಳ್ರಿ. ಅಕ್ಕೋರು ಬ್ಯಾಡ ಅಂದಿದ್ರು, ನಾನ ಕೇಳಲಿಲ್ಲ ಅಂತಿದ್ದಳು."

ಹಾಗಲ್ಲ ಎನ್ನಬೇಕಿತ್ತು. ಚಹಾ ಮುಗಿಯುವವರೆಗೂ ಮಾತು ನಾಲಿಗೆಯ ತುದಿಯಲ್ಲೇ ಇತ್ತು... ಲೋಟ ಕೆಳಗಿಟ್ಟು, ಬರುತ್ತೇನೆ ಎಂದು ಎದ್ದೆ.